ಹೊದಿಕೆಯ ಒಕ್ಕಣೆ: ಮೈಲಾರದ ಹಾಡಿನ ಆಲ್ಬಂ ಕವರನ್ನು ಶಾಸನದಂತೆ ಓದುವ ಪ್ರಯತ್ನ

ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳ ತಂಡವೊಂದು ಮೈಲಾರಲಿಂಗನ ಪದವೊಂದಕ್ಕೆ ವಿಡಿಯೊ ಮಾಡಿ, ಅದರ ಜೊತೆಗೆ ಕೊಡಬೇಕಾದ ಆಲ್ಬಂ ಕವರಿನ ಕರಡನ್ನು ನನ್ನ ಮೇಜಿನ ಮೇಲಿಟ್ಟಿತು. ಮುಂಬದಿಯಲ್ಲಿ ಕುದುರೆಯೇರಿದ ದೇವರು, ಸುತ್ತ ಹಳದಿ ಹೊಗೆ. ಹಿಂಬದಿಯಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಡ್ರೋನ್, ವಿನ್ಯಾಸ ಎಂದು ಹನ್ನೊಂದು ಹೆಸರು. ಹಾಡಿದ ಗೊರವಯ್ಯನ, ಅಂದರೆ ಮೈಲಾರಲಿಂಗನ ಒಕ್ಕಲಿನ ಹಾಡುಗಾರನ, ಹೆಸರಿರಬೇಕಾದ ಸಾಲಿನಲ್ಲಿ ‘ಜಾನಪದ’ ಎಂಬ ಒಂದೇ ಪದ. ಯಾರು ಹಾಡಿದ್ದು ಎಂದು ಕೇಳಿದೆ. ಹೆಸರು ಗೊತ್ತಿತ್ತು, ಊರು ಗೊತ್ತಿತ್ತು, ಫೋನ್ ನಂಬರೂ ಇತ್ತು. ‘ಕವರಿನಲ್ಲಿ ಹಾಕಬೇಕು ಅಂತ ಹೊಳೀಲಿಲ್ಲ ಸರ್’ ಎಂದರು. ಈ ಲೇಖನ ಹುಟ್ಟಿದ್ದು ಆ ಸಾಲಿನಿಂದ.

ಮೈಲಾರದ ಬಗ್ಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ತುಂಗಭದ್ರೆಯ ದಂಡೆಯಲ್ಲಿ, ಹೂವಿನಹಡಗಲಿ ತಾಲೂಕಿನಲ್ಲಿರುವ ಈ ಕ್ಷೇತ್ರ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಜನಸಾಗರವನ್ನು ಸುಮ್ಮನಾಗಿಸಿ, ಒಂದೇ ಸಾಲಿನ ಭವಿಷ್ಯವಾಣಿಯಾದ ಕಾರ್ಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಶಂಬಾ ಜೋಶಿಯವರ ‘ಹಾಲುಮತ ದರ್ಶನ’ವೂ ಗುಂಥರ್ ಸೋಂಥೈಮರ್ 1976ರಲ್ಲಿ ಬೀರೋಬ, ಮ್ಹಸ್ಕೋಬ, ಖಂಡೋಬರ ಬಗ್ಗೆ ಪ್ರಕಟಿಸಿದ ಗ್ರಂಥವೂ ಈ ಪಶುಪಾಲಕ ಪರಂಪರೆಯ ಅಧ್ಯಯನಕ್ಕೆ ತಳಹದಿ. ಅಲ್ಲಿನ ನಿಲುವುಗಳನ್ನು ಇಲ್ಲಿ ಮತ್ತೆ ಚರ್ಚಿಸುವುದಿಲ್ಲ.

ಚರ್ಚಿಸಬೇಕಾದದ್ದು ಹಾಡಿನ ಹೊದಿಕೆಯನ್ನು. 1940ರ ಸುಮಾರಿಗೆ ಅಮೆರಿಕದ ಕೊಲಂಬಿಯಾ ಕಂಪನಿಗಾಗಿ ಅಲೆಕ್ಸ್ ಸ್ಟೈನ್‌ವೈಸ್ ಬಣ್ಣದ ಚಿತ್ರಗಳ ಕವರು ತಂದ ಮೇಲೆ ಹೊದಿಕೆಯನ್ನು ಮಾರಾಟದ ಮುಖವೆಂದು ಕಾಣುವುದೇ ವಾಡಿಕೆಯಾಯಿತು. ಕಜ್ರಿ ಜೈನ್ ಅವರ 2007ರ ಕೃತಿ ಕ್ಯಾಲೆಂಡರ್ ದೇವರುಗಳು ಬಜಾರಿನಲ್ಲಿ ಹೇಗೆ ಓಡಾಡುತ್ತವೆ ಎಂಬುದನ್ನು ಬಿಡಿಸಿಟ್ಟಿತು. ಪೀಟರ್ ಮ್ಯಾನ್ಯುಯೆಲ್ 1993ರಲ್ಲಿ, ಉತ್ತರ ಭಾರತವನ್ನು ಮುಂದಿಟ್ಟುಕೊಂಡು, ಅಗ್ಗದ ಕ್ಯಾಸೆಟ್ಟು ದೊಡ್ಡ ಕಂಪನಿಯ ಏಕಸ್ವಾಮ್ಯ ಮುರಿದು ಪ್ರಾದೇಶಿಕ ಹಾಡುಗಳಿಗೆ ದಾರಿ ತೆರೆಯಿತೆಂದು ವಾದಿಸಿದರು. ಅವರ ವಾದ ಕನ್ನಡಕ್ಕೂ ಬಹುಮಟ್ಟಿಗೆ ಹೊಂದುತ್ತದೆ. ನನ್ನ ತಕರಾರು ಅದರಿಂದ ನಾವು ಸಲೀಸಾಗಿ ತೆಗೆದುಕೊಂಡ ತೀರ್ಮಾನದ ಮೇಲೆ: ಉತ್ಪಾದನೆ ಊರಿಗೆ ಬಂದರೆ ಊರಿನ ಹಾಡುಗಾರನೂ ಬೆಳಕಿಗೆ ಬಂದಂತೆ ಎಂಬ ತೀರ್ಮಾನ. ದನಿ ಬಂತು, ಹೆಸರು ಬರಲಿಲ್ಲ.

ಭಕ್ತಿಗೀತೆ ಕ್ಯಾಸೆಟ್ಟಿನ ಕಾರ್ಡನ್ನು ಕೈಯಲ್ಲಿ ಹಿಡಿದವರಿಗೆ ಇದು ಗೊತ್ತು. ಮುಂಬದಿ ಅಂಗೈಗಿಂತ ಚಿಕ್ಕದು, ಆರೂವರೆ ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ. ಅಲ್ಲಿ ಕ್ಯಾಲೆಂಡರಿನ ದೇವರು. ಗಾಯಕರು ಸಿನಿಮಾದಲ್ಲಿ ಹೆಸರಾದವರಾದರೆ ಮೂಲೆಯಲ್ಲಿ ಅವರ ಭಾವಚಿತ್ರ. ಬೆರಳಗಲದ ಬೆನ್ನಿನ ಮೇಲೆ ಆಲ್ಬಮ್ಮಿನ ಹೆಸರು. ಮಡಿಚಿದ ಒಳಬದಿಯಲ್ಲಿ ಹಾಡುಗಳ ಪಟ್ಟಿ, ಕಂಪನಿಯ ವಿಳಾಸ, ನಕಲು ಮಾಡಿದರೆ ಶಿಕ್ಷೆ ಎಂಬ ಎಚ್ಚರಿಕೆ. ಮೇಳದ ಹಾಡಾದರೆ ‘ಸಾಹಿತ್ಯ: ಜಾನಪದ’. ವಿದ್ಯಾರ್ಥಿಗಳ ಕರಡು ಈ ಅಚ್ಚಿನಿಂದಲೇ ಎದ್ದುಬಂದಿತ್ತು.

ಇದು ಬರಿಯ ರೂಢಿಯಲ್ಲ, ಇದರ ಹಿಂದೆ ಕಾನೂನಿನ ಕೈಯೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಸೇರಿದ 52ಎ ಕಲಮು ಧ್ವನಿಮುದ್ರಣದ ಮೇಲೆಯೂ ಅದರ ಹೊದಿಕೆಯ ಮೇಲೆಯೂ ಮೂರು ವಿವರ ಇರಲೇಬೇಕೆನ್ನುತ್ತದೆ: ಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ. ಅಂದರೆ ಕಾನೂನಿನ ಕಣ್ಣಿನಲ್ಲಿ ಹೊದಿಕೆ ಜಾಹೀರಾತಿಗಿಂತ ಮೊದಲು ಒಂದು ದಾಖಲೆ. ಆ ದಾಖಲೆಯಲ್ಲಿ ಹಾಡಿದವನಿಗೆ ಜಾಗ ಕಡ್ಡಾಯವಲ್ಲ, ಹಾಡಿದ ಊರಿಗೂ ಅಲ್ಲ. 1994ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡಿತು. ಹಾವಾಡಿಗ, ದೊಂಬರಾಟದವರನ್ನೂ ಒಳಗೊಳ್ಳುವ ಆ ವ್ಯಾಖ್ಯೆಯಲ್ಲಿ ಹಾಡುವ ಗೊರವ ಸಲೀಸಾಗಿ ಬರುತ್ತಾನೆ. 2012ರಲ್ಲಿ ಬಂದ 38ಬಿ ಕಲಮು ತನ್ನನ್ನು ಪ್ರದರ್ಶಕನೆಂದು ಗುರುತಿಸಬೇಕೆಂದು ಕೇಳುವ ಹಕ್ಕು ಕೊಟ್ಟಿತು. ಆದರೆ ಅದೇ ವರ್ಷ ವ್ಯಾಖ್ಯೆಗೆ ಒಂದು ಷರತ್ತೂ ಅಂಟಿಕೊಂಡಿತು. ಚಿತ್ರದಲ್ಲಿ ಪ್ರಾಸಂಗಿಕವಾಗಿ ಕಾಣಿಸಿಕೊಂಡು, ಉದ್ಯಮದ ವಾಡಿಕೆಯಂತೆ ಎಲ್ಲೂ ಹೆಸರಿಸದೆ ಉಳಿದವರನ್ನು ಪ್ರದರ್ಶಕರೆಂದು ಎಣಿಸಬೇಕಿಲ್ಲ. ಪ್ರದರ್ಶನವನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕೊಂದೇ ಅವರಿಗೆ ಉಳಿಯುತ್ತದೆ. ಪದ ಹಾಡಿದ ಗೊರವಯ್ಯನಿಗೆ ಈ ಷರತ್ತು ಹತ್ತುವುದಿಲ್ಲ. ಜಾತ್ರೆಯಲ್ಲಿ ಡಮರುಗ ಬಾರಿಸುತ್ತ ಚೌಕಟ್ಟಿನೊಳಗೆ ಬಂದುಹೋದವನಿಗೆ ಹತ್ತುತ್ತದೆ. ಹೆಸರು ಬಿಡುವುದು ಇಲ್ಲಿ ಸೌಜನ್ಯದ ಕೊರತೆ ಮಾತ್ರವಲ್ಲ. ವಾಡಿಕೆಯಾಗಿ ಬಿಟ್ಟದ್ದೇ ಮುಂದೆ ಹಕ್ಕಿಲ್ಲವೆಂಬುದಕ್ಕೆ ಆಧಾರವಾಗುತ್ತದೆ.

ಈ ಕಾರಣದಿಂದ ಆಲ್ಬಂ ಹೊದಿಕೆಯನ್ನು ಶಾಸನವೆಂದು ಓದಬೇಕೆಂಬುದು ನನ್ನ ಪ್ರತಿಪಾದನೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಅರಸರ ಇಸವಿಗಳಾಚೆಗೆ ಶಾಸನದಿಂದ ಏನೇನು ಪಡೆಯಬಹುದೆಂದು ಕಲಿಸಿತು. ದಾನಶಾಸನದ ಒಕ್ಕಣೆಯನ್ನು ನೆನೆಯಿರಿ. ಕಲ್ಲಿನ ನೆತ್ತಿಯಲ್ಲಿ ಲಿಂಗ, ಹಸು-ಕರು, ಸೂರ್ಯ-ಚಂದ್ರ. ಆಮೇಲೆ ಸ್ತುತಿ, ಕಾಲ, ದಾನಿ, ದಾನ, ಸೀಮೆ, ಶಾಪಾಶಯ. ಎಷ್ಟೋ ಕಲ್ಲುಗಳ ಕೊನೆಗೆ ಬರೆದವನ ಮತ್ತು ಕಂಡರಿಸಿದ ರೂವಾರಿಯ ಹೆಸರು. ಕ್ಯಾಸೆಟ್ ಕಾರ್ಡಿನ ಮುಂಬದಿಯ ದೇವರು ಈ ನೆತ್ತಿಯ ಶಿಲ್ಪ. ನಕಲಿನ ಎಚ್ಚರಿಕೆ ಶಾಪಾಶಯ. ಕಲ್ಲಿನಲ್ಲಿ ಇದ್ದು ಕಾರ್ಡಿನಲ್ಲಿ ತಪ್ಪಿಹೋದದ್ದು ಎರಡು: ಸೀಮೆ ಮತ್ತು ರೂವಾರಿ.

ಈ ಹೋಲಿಕೆಯನ್ನು ಎಲ್ಲಿಯವರೆಗೆ ಎಳೆಯಬಹುದು? ಶಾಸನ ನೆಟ್ಟಲ್ಲಿ ನಿಲ್ಲುತ್ತದೆ, ಹೊದಿಕೆ ಕೈಯಿಂದ ಕೈಗೆ ಸಾಗುತ್ತದೆ. ಶಾಸನ ಹೊರಡಿಸಿದ್ದು ಅಧಿಕಾರ. ದಾನ ಕೊಟ್ಟ ಹೊಲವನ್ನು ಉತ್ತವರ ಬಗ್ಗೆ ಬಹಳಷ್ಟು ಕಲ್ಲುಗಳು ತುಟಿ ಬಿಚ್ಚುವುದಿಲ್ಲ. ಆದ್ದರಿಂದ ಕಲ್ಲು ನ್ಯಾಯವಂತ, ಕಾರ್ಡು ಅನ್ಯಾಯಗಾರ ಎಂದು ನಾನು ಹೇಳುತ್ತಿಲ್ಲ. ನನ್ನ ವಾದ ಒಕ್ಕಣೆಗೆ ಸೀಮಿತ: ಯಾವ ಯಾವ ವಿವರ ಇದ್ದರೆ ಒಂದು ವಸ್ತು ನೂರು ವರ್ಷದ ನಂತರವೂ ಸಾಕ್ಷಿ ನುಡಿಯಬಲ್ಲದು ಎಂಬುದಕ್ಕೆ. ಮೈಲಾರದ ಮಟ್ಟಿಗಂತೂ ಈ ಮಾತು ನಿಲ್ಲುತ್ತದೆ ಎಂದು ತೋರುತ್ತದೆ.

ಸೀಮೆಯನ್ನೇ ನೋಡಿ. ‘ಮೈಲಾರ’ ಎಂದಷ್ಟೇ ಅಚ್ಚಾದರೆ ಅದು ಯಾವ ಮೈಲಾರ? ಬೀದರ್ ಜಿಲ್ಲೆಯಲ್ಲಿ ಮೈಲಾರ ಮಲ್ಲಣ್ಣನಿದ್ದಾನೆ, ಬೆಳಗಾವಿ ಕಡೆ ಮಂಗಸೂಳಿಯಿದೆ, ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಾಲತೇಶನಿದ್ದಾನೆ. ದೇವರಗುಡ್ಡದಲ್ಲೂ ಕಾರ್ಣಿಕವಿದೆ, ಅದು ದಸರೆಯ ಹೊತ್ತಿನದು, ಹಡಗಲಿಯ ಮೈಲಾರದ್ದು ಮಾಘದ್ದು. ಭಂಡಾರದ, ಅಂದರೆ ಅರಿಸಿನ ಪುಡಿಯ, ಹಳದಿಯಂತೂ ಮಹಾರಾಷ್ಟ್ರದ ಜೇಜೂರಿಯ ಖಂಡೋಬನಿಗೂ ಸಲ್ಲುತ್ತದೆ. ವಿದ್ಯಾರ್ಥಿಗಳ ಕರಡಿನ ಹಳದಿ ಹೊಗೆ ಅಂತರ್ಜಾಲದಿಂದ ಇಳಿಸಿಕೊಂಡದ್ದು. ಹಿನ್ನೆಲೆಯ ಮೆಟ್ಟಿಲುಗಳು ಜೇಜೂರಿಯವು. ವೇಷದ ಮಾತೂ ಅಷ್ಟೇ. ಗೊರವರ ಕುಣಿತ ಎಂದೊಡನೆ ಮೈಸೂರು ಸೀಮೆಯ ಚಿತ್ರಗಳಿಂದ ನಮಗೆ ಪರಿಚಿತವಾದ ಕರಡಿ ಕೂದಲಿನ ಟೋಪಿ ಕಣ್ಣಿಗೆ ಕಟ್ಟುತ್ತದೆ. ಕ್ಯಾಮೆರಾದ ಮುಂದೆ ನಿಂತು ಹಾಡಿದ ಗೊರವಯ್ಯ ಉಟ್ಟ ಕರಿ ಕಂಬಳಿ, ಹೆಗಲ ಭಂಡಾರದ ಚೀಲ, ಕೈಯ ಡಮರುಗ ಹೇಗಿದ್ದವೋ ಹಾಗೇ ಹೊದಿಕೆಗೆ ಬರಬೇಕು. ಅದು ಅಂದದ ಪ್ರಶ್ನೆಯಲ್ಲ, ಸೀಮೆಯ ಗುರುತು.

ರೂವಾರಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಪದ ಒಬ್ಬನ ಸೊತ್ತಲ್ಲ, ಒಕ್ಕಲಿನದು. ವಚನಕಾರರೂ ಕೀರ್ತನಕಾರರೂ ಅಂಕಿತದಲ್ಲಿ ದೇವರ ಹೆಸರಿಟ್ಟರು, ಹಾಗಿರುವಾಗ ಕವರಿನಲ್ಲಿ ಹಾಡುಗಾರನ ಹೆಸರು ಹಾಕುವುದು ಪರಂಪರೆಗೆ ವಿರುದ್ಧವಲ್ಲವೇ ಎಂಬುದು. ಅರ್ಧ ಒಪ್ಪುತ್ತೇನೆ. ಗೊರವಯ್ಯನನ್ನು ಪದದ ಕರ್ತೃ ಎನ್ನುವುದು ತಪ್ಪು. ಆದರೆ ಅಂಕಿತ ಹೇಳುವುದು ಪದ ಯಾರಿಗೆ ಸಲ್ಲಬೇಕು ಎಂಬುದನ್ನು. ಇಂಥ ದಿನ, ಇಂಥ ಊರಿನಲ್ಲಿ, ಯಾರ ಕೊರಳಿನಿಂದ ಬಂತು ಎಂಬುದನ್ನು ಅದು ಹೇಳದು. ಆದ್ದರಿಂದ ‘ಜಾನಪದ’ ಎಂಬ ಸಾಲು ಇರಲಿ. ಅದರ ಕೆಳಗೆ ‘ಹಾಡಿದವರು’ ಎಂಬ ಇನ್ನೊಂದು ಸಾಲು, ಹೆಸರು, ಊರು, ಮುದ್ರಿಸಿದ ಸ್ಥಳ, ತಿಥಿಯ ಜೊತೆ ತಾರೀಖು ಬೇಕು. ಹೆಸರು ಬೇಡವೆಂದು ಅವರೇ ಹೇಳಿದರೆ ಅದನ್ನೂ ಹಾಗೆಯೇ ನಮೂದಿಸಬೇಕು.

ಕಾರ್ಣಿಕದ ಮುಂದೆ ನನ್ನ ವಾದ ತಗ್ಗುತ್ತದೆ. ಬಿಲ್ಲಿನ ತುದಿಯಲ್ಲಿ ನುಡಿಯುವವನು ಗೊರವಯ್ಯನಲ್ಲ, ದೇವರು ಎಂಬುದು ನಂಬುಗೆ. ಅಲ್ಲಿ ‘ಗಾಯಕ’, ‘ಕಲಾವಿದ’ ಎಂದು ಹೆಸರು ಅಚ್ಚುಹಾಕಿದರೆ ಆ ನುಡಿಯ ಸ್ವರೂಪವೇ ಬದಲಾಗುತ್ತದೆ. ಅಂಥ ಭಾಗಕ್ಕೆ ಸ್ಥಳ ಮತ್ತು ದಿನ ಸಾಕು. ಆ ವರ್ಷದ ನುಡಿಯನ್ನು ಮುಂಬದಿಯ ಘೋಷವಾಕ್ಯವಾಗಿ ಹಾಕುವುದಂತೂ ಕೂಡದು. ಮಳೆ, ಬೆಳೆ, ರಾಜಕೀಯಗಳಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚುವ ಮಾತನ್ನು ಹೊದಿಕೆಯ ಪುಟ್ಟ ಚೌಕಟ್ಟಿನಲ್ಲಿ ಕಟ್ಟಿಹಾಕಿದಂತಾಗುತ್ತದೆ.

ತಂಡ ಕರಡನ್ನು ತಿದ್ದಿತು. ಮಡಿಕೆಯ ರಟ್ಟಿನ ಡಿಜಿಪ್ಯಾಕಿನಲ್ಲಿ, 12 ಸೆಂಟಿಮೀಟರಿನ ಸಿ.ಡಿ. ಕೂರುವ ಬದಿಗೆ ಕರಿ ಕಂಬಳಿಯ ನೇಯ್ಗೆಯ ಹತ್ತಿರದ ಚಿತ್ರ ಬಂತು. ಎಡ ಮಡಿಕೆಗೆ ಹಾಡಿದವರ ಸಾಲು, ಬೆನ್ನಿಗೆ ‘ಮೈಲಾರ, ಹೂವಿನಹಡಗಲಿ ತಾಲೂಕು’. ಹನ್ನೊಂದು ಹೆಸರುಗಳು ಹಿಂಬದಿಯಲ್ಲೇ ಉಳಿದವು; ಅವೂ ರೂವಾರಿಗಳ ಹೆಸರೇ.

ಇತ್ಯರ್ಥವಾಗದ ಸಂಗತಿಗಳಿವೆ. ಹಾಡು ಈಗ ಯೂಟ್ಯೂಬಿನಲ್ಲಿ ಸಾಗುತ್ತದೆ. ಅಲ್ಲಿ ಹೊದಿಕೆ ಉಗುರಿನಷ್ಟು ಚಿತ್ರವಾಗಿ, ಒಕ್ಕಣೆ ಕೆಳಗಿನ ವಿವರಣೆಯ ಪೆಟ್ಟಿಗೆಗೆ ಜಾರಿದೆ. ಯಾವಾಗ ಬೇಕಾದರೂ ತಿದ್ದಬಹುದಾದ ಬರಹಕ್ಕೆ ಶಾಸನದ ಸಾಕ್ಷ್ಯಬಲ ಇದೆಯೇ ಎಂಬುದನ್ನು ಬೇರೆಯಾಗಿಯೇ ಪರಿಶೀಲಿಸಬೇಕು. ಹಳೆಯ ಕಾರ್ಡುಗಳ ಕುರಿತ ನನ್ನ ಮಾತಿಗೂ ದೊಡ್ಡ ಸಂಗ್ರಹದ ಆಧಾರ ಬೇಕು. ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಓದುಗರಲ್ಲಿ ಒಂದು ವಿನಂತಿ: ಮನೆಯ ಅಟ್ಟದಲ್ಲಿರುವ ಕ್ಯಾಸೆಟ್ಟಿನ ಸುರುಳಿ ಹಾಳಾಗಿದ್ದರೂ ಅದರ ಕಾರ್ಡನ್ನು ಎಸೆಯಬೇಡಿ. ಬಿಡಿಸಿ, ಎರಡೂ ಬದಿಯ ಚಿತ್ರ ತೆಗೆದಿಡಿ; ಹಾಡಿದವರು ನಿಮಗೆ ಗೊತ್ತಿದ್ದರೆ ಅವರ ಹೆಸರನ್ನೂ ಊರನ್ನೂ ಪೆನ್ನಿನಿಂದ ಬರೆದಿಡಿ.