ಸುರಪುರದ ನಾಲ್ವಡಿ ವೆಂಕಟಪ್ಪ ನಾಯಕ

1857–58ರ ಬಂಡಾಯದಲ್ಲಿ ಬ್ರಿಟಿಷರ ವಿರುದ್ಧ ತಿರುಗಿಬಿದ್ದ ಸುರಪುರ ಸಂಸ್ಥಾನದ ಕೊನೆಯ ದೊರೆ. ರಾಜ್ಯಾಧಿಕಾರ ಸ್ವತಃ ಅವನ ಕೈಗೆ ಬಂದದ್ದು 1853ರಲ್ಲಿ. ಐದು ವರ್ಷ ತುಂಬುವ ಮೊದಲೇ ಗದ್ದುಗೆಯೂ ಹೋಯಿತು, ಜೀವವೂ ಹೋಯಿತು.

ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರವನ್ನು ಆಳಿದವರು ಬೇಡ ನಾಯಕರು. ಕಾದಾಟ ಅವರಿಗೆ ಹೊಸದಲ್ಲ. 1705ರಲ್ಲಿ ಮುದಿ ವಯಸ್ಸಿನ ಔರಂಗಜೇಬನೇ ದಂಡು ಕಟ್ಟಿಕೊಂಡು ಬಂದು ಅವರ ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿದ್ದ. ಕೋಟೆ ಬಿತ್ತು, ಅಂದಿನ ದೊರೆ ಪಿಡ್ಡನಾಯಕ ಮಾತ್ರ ಸಿಗಲಿಲ್ಲ. ಹತ್ತೊಂಬತ್ತನೆಯ ಶತಮಾನಕ್ಕೆ ಬರುವಾಗ ಚಿತ್ರ ಬದಲಾಗಿತ್ತು. ಹೈದರಾಬಾದಿನ ನಿಜಾಮನಿಗೆ ಕಪ್ಪ, ನಜರಾಣೆ ಕಟ್ಟಿ ಕಟ್ಟಿ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು.

ತಂದೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ವೆಂಕಟಪ್ಪ ಇನ್ನೂ ಚಿಕ್ಕ ಹುಡುಗ. ಆಡಳಿತದ ಹಕ್ಕಿಗಾಗಿ ತಾಯಿ ಈಶ್ವರಮ್ಮನಿಗೂ ಚಿಕ್ಕಪ್ಪ ಪಿಡ್ಡನಾಯಕನಿಗೂ ಜಗಳ ಹತ್ತಿತು. ಅದನ್ನು ಬಗೆಹರಿಸಲು ಬಂದು 1853ರವರೆಗೂ ಅಲ್ಲಿಯೇ ಉಳಿದವನು ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಫಿಲಿಪ್ ಮೆಡೋಸ್ ಟೇಲರ್. ಠಕ್ಕರ ಕುರಿತು 1839ರಲ್ಲಿ ಕಾದಂಬರಿ ಪ್ರಕಟಿಸಿ ಹೆಸರಾಗಿದ್ದ ಈತ ಸುರಪುರದ ಲೆಕ್ಕಪತ್ರ ಸರಿಪಡಿಸಿದ, ಬೋನಾಳದ ಕೆರೆ ಸುಧಾರಿಸಿದ, ಗುಡ್ಡದ ಮೇಲೆ ಮನೆ ಕಟ್ಟಿಕೊಂಡ. ಊರಿನವರು ಆ ಮನೆಯನ್ನು ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ. ಶಹಾಪುರದ ಬಳಿಯ ವಿಭೂತಿಹಳ್ಳಿಯ ಬೃಹತ್ ಶಿಲಾಯುಗದ ಕಲ್ಲಿನ ಸಾಲುಗಳನ್ನು ಜಗತ್ತಿಗೆ ತಿಳಿಸಿದವನೂ ಅವನೇ. ಬಾಲಕ ದೊರೆ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ.

ಟೇಲರ್ ಹೋದ ಮೇಲೆ ಹಳೆಯ ಸಾಲ ಮತ್ತೆ ತಲೆಯೆತ್ತಿತು. ಅಷ್ಟರಲ್ಲಿ 1857 ಬಂತು. ಆಯುಧ ಒಪ್ಪಿಸಿರೆಂಬ ಕಾನೂನು ಹಲಗಲಿಯ ಬೇಡರನ್ನು ಕೆರಳಿಸಿತ್ತು. ನರಗುಂದ, ಮುಂಡರಗಿಗಳಲ್ಲಿ ಅಸಮಾಧಾನ ಕುದಿಯುತ್ತಿತ್ತು. ವೆಂಕಟಪ್ಪ ನಾಯಕ ಅರಬರನ್ನೂ ರೋಹಿಲಾರನ್ನೂ ಸೇರಿಸಿಕೊಂಡು ದಂಡು ಕಟ್ಟತೊಡಗಿದ. ಹೈದರಾಬಾದಿನ ರೆಸಿಡೆಂಟ್ ಡೇವಿಡ್ಸನ್, ಮನವೊಲಿಸಲು ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನು ಕಳುಹಿಸಿದ. ಮಾತುಕತೆ ಫಲಿಸಲಿಲ್ಲ. 1858ರ ಫೆಬ್ರವರಿ 7ರ ರಾತ್ರಿ ಸುರಪುರದ ದಂಡು ಬ್ರಿಟಿಷ್ ಪಡೆಯ ಕ್ಯಾಪ್ಟನ್ ವಿಂಡ್ಹ್ಯಾಮನ ಬಿಡಾರದ ಮೇಲೆ ಬಿದ್ದಿತು. ಮರುದಿನದ ಕಾಳಗದಲ್ಲಿ ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೆ ಸುತ್ತಲಿಂದ ಬ್ರಿಟಿಷ್ ಪಡೆಗಳು ಬಂದು ಸೇರುತ್ತಿದ್ದವು. ಕೋಟೆ ಉಳಿಯದೆಂದು ಕಂಡು ದೊರೆ ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೊರಟ. ಅಲ್ಲಿನ ಅರಬರ ಆಸರೆ ಸಿಕ್ಕೀತೆಂಬ ಆಸೆ ಫಲಿಸಲಿಲ್ಲ. ದಿವಾನ ಸಾಲಾರ್ ಜಂಗ್ ಅವನನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದ.

ಸೆರೆಯಲ್ಲಿ ಟೇಲರ್ ಅವನನ್ನು ಕಂಡ. ಯುವಕ ಅವನನ್ನು ತಬ್ಬಿಕೊಂಡು ಅತ್ತ. ಬಂಡಾಯಕ್ಕೆ ಪ್ರಚೋದಿಸಿದವರ ಹೆಸರು ಹೇಳಿದರೆ ಶಿಕ್ಷೆ ಸಡಿಲವಾದೀತೆಂಬ ಸೂಚನೆ ಬಂದಾಗ ಮಾತ್ರ ಬಾಯಿಬಿಡಲಿಲ್ಲ. ಸಾವಿಗೆ ಅಂಜುವುದಿಲ್ಲ, ಕಳ್ಳನಂತೆ ನೇಣಿಗೇರಿಸಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂಬುದು ಅವನ ಬೇಡಿಕೆಯಾಗಿತ್ತು. ಇದನ್ನು ಬರೆದಿಟ್ಟವನು ಎದುರು ಪಕ್ಷದ ಅಧಿಕಾರಿ ಟೇಲರನೇ ಆದ್ದರಿಂದ ಈ ಸಾಕ್ಷ್ಯದ ತೂಕ ಹೆಚ್ಚು. ದುಡುಕಿನ ಯುವಕ, ಯಾರದೋ ಮಾತಿಗೆ ಮರುಳಾದವ ಎಂದು ಅವನನ್ನು ತಳ್ಳಿಹಾಕುವವರು ಈ ಘಳಿಗೆಯನ್ನು ಮರೆಯಬಾರದು.

ವಿಚಾರಣೆಯಲ್ಲಿ ಮರಣದಂಡನೆಯಾಯಿತು. ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ; ಗವರ್ನರ್ ಜನರಲ್ ಕ್ಯಾನಿಂಗ್ ಮತ್ತೂ ತಗ್ಗಿಸಿ, ಮದ್ರಾಸಿನ ಬಳಿಯ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ವಿಧಿಸಿದ. ನಡತೆ ಸರಿಯಿದ್ದರೆ ಸಂಸ್ಥಾನ ಮರಳಿ ಸಿಗುವ ಅವಕಾಶವೂ ಇತ್ತು. ಆದರೆ ದಾರಿಯ ಬಿಡಾರದಲ್ಲಿಯೇ ಕಾವಲಿನ ಅಧಿಕಾರಿಯ ರಿವಾಲ್ವರ್ ಗುಂಡಿಗೆ ದೊರೆ ಸತ್ತ. ತಾನೇ ಹೊಡೆದುಕೊಂಡನೆಂದು ಬ್ರಿಟಿಷ್ ದಾಖಲೆ ಹೇಳುತ್ತದೆ. ಸುರಪುರದ ಜನ ಅದನ್ನು ಸುಲಭವಾಗಿ ನಂಬಿದವರಲ್ಲ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಸಾವೆಂದು ಜಾತಕದಲ್ಲಿತ್ತು, ಹಾಗೆಯೇ ಆಯಿತು ಎಂದು ಟೇಲರ್ ಬರೆದಿದ್ದಾನೆ. ಸೆರೆಯಾಳಿನ ಕೈಗೆಟುಕುವಂತೆ ತುಂಬಿದ ರಿವಾಲ್ವರ್ ಏಕಿತ್ತು ಎಂಬ ಪ್ರಶ್ನೆಗೆ ಜಾತಕ ಉತ್ತರವಾಗದು.

ಬಂಡಾಯದಲ್ಲಿ ತಮ್ಮ ಪಕ್ಷ ಹಿಡಿದ ನಿಜಾಮನಿಗೆ ಬ್ರಿಟಿಷರು 1860ರ ಒಪ್ಪಂದದಲ್ಲಿ ಸುರಪುರವನ್ನು ಬಿಟ್ಟುಕೊಟ್ಟರು. 1948ರ ಸೆಪ್ಟೆಂಬರ್‌ವರೆಗೂ ಅದು ನಿಜಾಮನ ಆಳ್ವಿಕೆಯಲ್ಲಿತ್ತು.