ವಿಂಡೋಸ್ ಅಂತ ಸುಳ್ಳು ಹೇಳೋ ಲಿನಕ್ಸ್

ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದವರಿಗೆ ಈ ಕಾಟ ಗೊತ್ತಿರುತ್ತೆ. ಮುಚ್ಚಿದ್ರೆ ನಿದ್ದೆಗೆ ಹೋಗುತ್ತೆ, ತೆರೆದ್ರೆ ಏಳಲ್ಲ. ಬ್ರೈಟ್‌ನೆಸ್ ಕೀ ಒತ್ತಿದ್ರೆ ಪರದೆ ಮೇಲಿನ ಪಟ್ಟಿ ಓಡುತ್ತೆ, ಬೆಳಕು ಮಾತ್ರ ಇದ್ದಲ್ಲೇ ಇರುತ್ತೆ. ಬೈಗುಳ ಲಿನಕ್ಸ್‌ಗೆ. ತಪ್ಪು ಬಹಳ ಸಲ ಅದರ ಕೆಳಗಿರೋ ಫರ್ಮ್‌ವೇರ್‌ನದು. ಇದು ಶುರುವಾಗಿದ್ದು ಹೇಗೆ ಅನ್ನೋದೇ ಇವತ್ತಿನ ಮಾತು.

1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಅನ್ನೋ ಮಾನದಂಡ ಹೊರತಂದವು. ಅದಕ್ಕೆ ಮುಂಚೆ ಕರೆಂಟ್ ಉಳಿಸೋ ತೀರ್ಮಾನವನ್ನ ಬಹುಪಾಲು ಬಯೋಸ್ ತಾನೇ ತಗೊಳ್ತಿತ್ತು. ಎಸಿಪಿಐ ಆ ಅಧಿಕಾರವನ್ನ ಆಪರೇಟಿಂಗ್ ಸಿಸ್ಟಂ ಕೈಗೆ ಕೊಟ್ಟಿತು. ಆದರೆ ಯಾವ ಬೋರ್ಡಿನಲ್ಲಿ ಫ್ಯಾನ್ ಎಲ್ಲಿದೆ, ಬ್ಯಾಟರಿ ಲೆಕ್ಕ ಯಾರು ಇಡ್ತಾರೆ ಅಂತ ಸಿಸ್ಟಂಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ತಯಾರಕರು ಎಎಂಎಲ್ ಅನ್ನೋ ಬೈಟ್‌ಕೋಡ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದು, ಡಿಎಸ್‌ಡಿಟಿ ಅನ್ನೋ ಟೇಬಲ್‌ನಲ್ಲಿ ಇಡ್ತಾರೆ. ಕರ್ನಲ್ ಒಳಗಿರೋ ಇಂಟರ್‌ಪ್ರಿಟರ್ ಅದನ್ನ ಓಡಿಸುತ್ತೆ. ಅಂದ್ರೆ ಯಾರೋ ಬರೆದ ಕೋಡ್, ಕರ್ನಲ್‌ನ ಪೂರ್ತಿ ಅಧಿಕಾರದಲ್ಲಿ. ನನಗೆ ಇದು ಇಂದಿಗೂ ಸ್ವಲ್ಪ ಭಯ ಹುಟ್ಟಿಸೋ ವಿಷಯ.

ಆ ಕೋಡ್ ಕಂಪೈಲ್ ಮಾಡೋಕೆ ಎರಡು ಕಂಪೈಲರ್ ಇದ್ದವು, ಮೈಕ್ರೋಸಾಫ್ಟ್‌ದು ಮತ್ತು ಇಂಟೆಲ್‌ದು. ಮೈಕ್ರೋಸಾಫ್ಟ್‌ದು ಸಡಿಲ, ಇಂಟೆಲ್‌ದು ಕಟ್ಟುನಿಟ್ಟು. ತಯಾರಕರ ಪರೀಕ್ಷೆ ಒಂದೇ: ವಿಂಡೋಸ್ ಓಡ್ತಾ? ಓಡಿತು. ಹಾಗಾದ್ರೆ ಪ್ಯಾಕ್ ಮಾಡಿ. ಹಾಗಾಗಿ 2000ದ ದಶಕದಲ್ಲಿ ಲಿನಕ್ಸ್ ಬಳಸೋರು ತಮ್ಮ ಯಂತ್ರದ ಡಿಎಸ್‌ಡಿಟಿ ತೆಗೆದು, ತಪ್ಪು ತಿದ್ದಿ, ಮತ್ತೆ ಕಂಪೈಲ್ ಮಾಡಿ ಹಾಕಿಕೊಳ್ತಿದ್ರು. ಕಂಪನಿ ಮಾಡಬೇಕಾದ ಕೆಲಸವನ್ನ ಗಿರಾಕಿ ಮಾಡ್ತಿದ್ದ.

ಇನ್ನೊಂದು ತಮಾಷೆ ಇದೆ. ಫರ್ಮ್‌ವೇರ್ ಸಿಸ್ಟಂ ಅನ್ನ ಕೇಳಬಹುದು: ನಿನಗೆ ‘ವಿಂಡೋಸ್ 2001’ ಗೊತ್ತಾ? ಈ ಹೆಸರಿನ ಅರ್ಥ ಎಕ್ಸ್‌ಪಿ. ‘2006’ ಅಂದ್ರೆ ವಿಸ್ಟಾ. ಈ ಪ್ರಶ್ನೆ ಕೇಳೋ ವಿಧಾನದ ಹೆಸರು ಓಎಸ್‌ಐ. ಲಿನಕ್ಸ್ ಎಲ್ಲದಕ್ಕೂ ‘ಹೌದು ಸ್ವಾಮಿ’ ಅನ್ನುತ್ತೆ. ಇಲ್ಲ ಅಂದ್ರೆ, ಯಾರೂ ಪರೀಕ್ಷೆ ಮಾಡದ ದಾರಿಗೆ ಕೋಡ್ ಹೊರಳುತ್ತೆ. ‘ಲಿನಕ್ಸ್ ಗೊತ್ತಾ?’ ಅಂತ ಕೇಳಿದ್ರೆ? ಮೊದಮೊದಲು ಅದಕ್ಕೂ ಹೌದು ಅಂತಿತ್ತು. 2007ರಲ್ಲಿ, 2.6.23 ಆವೃತ್ತಿಯಿಂದ, ‘ಇಲ್ಲ’ ಅನ್ನೋಕೆ ಶುರು ಮಾಡಿತು! ಕಾರಣ ಸರಳ. ಲಿನಕ್ಸ್ ಅನ್ನೋದು ಒಂದೇ ವಸ್ತುವಲ್ಲ. ಇವತ್ತಿನ ಕರ್ನಲ್‌ನ ದೋಷಕ್ಕೆ ಅಂತ ಫರ್ಮ್‌ವೇರ್‌ನಲ್ಲಿ ತೇಪೆ ಹಾಕಿದ್ರೆ, ಮುಂದೆ ಕರ್ನಲ್ ಸರಿಯಾದ ಮೇಲೂ ಆ ತೇಪೆ ಅಲ್ಲೇ ಉಳಿದು ಕಾಡುತ್ತೆ. ನೋಡೋಕೆ ಚೆನ್ನಾಗಿಲ್ಲ ನಿಜ, ಆದರೆ ತೀರ್ಮಾನ ಸರಿ ಅಂತಲೇ ನನ್ನ ಅಭಿಪ್ರಾಯ.

ಸುಳ್ಳಿಗೂ ಬೆಲೆ ಇದೆ. ವಿಂಡೋಸ್ 8ರಲ್ಲಿ ಪರದೆ ಬೆಳಕನ್ನ ಗ್ರಾಫಿಕ್ಸ್ ಡ್ರೈವರ್ ನೇರವಾಗಿ ನೋಡಿಕೊಳ್ಳತೊಡಗಿತು. ಲಿನಕ್ಸ್ ‘ವಿಂಡೋಸ್ 2012’ಕ್ಕೂ ಹೌದು ಅಂದಿದ್ದೇ ತಡ, ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಬ್ರೈಟ್‌ನೆಸ್ ಕೆಟ್ಟಿತು. ಹಳೇ ದಾರಿಯನ್ನ ಯಾರೂ ಪರೀಕ್ಷಿಸಿರಲಿಲ್ಲ. ಕರ್ನಲ್‌ನಲ್ಲಿ ಇಂಥ ಯಂತ್ರಗಳಿಗೆಂದೇ ಪಟ್ಟಿಗಳಿವೆ: ಈ ಕಂಪನಿ, ಈ ಮಾಡೆಲ್ ಆದ್ರೆ ಹೀಗೆ ಮಾಡು.

ಬೆಳಕು ಕೆಟ್ಟರೆ ಹೇಗೋ ಸುಧಾರಿಸಬಹುದು. 2013ರ ಜನವರಿಯಲ್ಲಿ ಸ್ಯಾಮ್‌ಸಂಗ್‌ನ ಕೆಲವು ಲ್ಯಾಪ್‌ಟಾಪ್‌ಗಳು ಯುಇಎಫ್‌ಐ ಮೂಲಕ ಲಿನಕ್ಸ್ ಬೂಟ್ ಮಾಡಿದ ಮೇಲೆ ಸತ್ತೇ ಹೋದವು. ಮದರ್‌ಬೋರ್ಡ್ ಬದಲಿಸಬೇಕು, ಅಷ್ಟು. ಮೊದಲ ಅನುಮಾನ ಸ್ಯಾಮ್‌ಸಂಗ್ ಲ್ಯಾಪ್‌ಟಾಪ್‌ಗಳಿಗೆಂದೇ ಇದ್ದ ಡ್ರೈವರ್ ಮೇಲೆ. ಯುಇಎಫ್‌ಐನಲ್ಲಿ ಅದನ್ನ ಓಡದಂತೆ ಮಾಡಿದರು. ಆದರೆ ಮ್ಯಾಥ್ಯೂ ಗ್ಯಾರೆಟ್ ಅನ್ನೋ ಕರ್ನಲ್ ಡೆವಲಪರ್ ಅಷ್ಟಕ್ಕೇ ಬಿಡಲಿಲ್ಲ. ಡ್ರೈವರ್ ದೆಸೆಯಿಂದ ಯಂತ್ರ ಕ್ರ್ಯಾಶ್ ಆದಾಗ ಕರ್ನಲ್ ಅದರ ಲಾಗನ್ನ ಫರ್ಮ್‌ವೇರ್‌ನ ಪುಟ್ಟ ಸಂಗ್ರಹದಲ್ಲಿ ಬರೀತಿತ್ತು. ಆ ಜಾಗ ತುಂಬಿದ್ರೆ ಫರ್ಮ್‌ವೇರ್ ಮುಂದಿನ ಸಲ ಏಳೋದೇ ಇಲ್ಲ! ಗ್ಯಾರೆಟ್ ವಿಂಡೋಸ್‌ನಲ್ಲೇ ಒಂದು ಸಣ್ಣ ಪ್ರೋಗ್ರಾಂನಿಂದ ಆ ಜಾಗ ತುಂಬಿಸಿ ನೋಡಿದರು. ಅಲ್ಲೂ ಲ್ಯಾಪ್‌ಟಾಪ್ ಸತ್ತಿತು. ಲಿನಕ್ಸ್ ಮೇಲಿದ್ದ ಆರೋಪ ಅಲ್ಲಿಗೆ ಬಿತ್ತು.

ಆದರೂ ತೇಪೆ ಹಾಕಿದ್ದು ಲಿನಕ್ಸೇ. ಮೊದಲು ಅರ್ಧಕ್ಕಿಂತ ಹೆಚ್ಚು ತುಂಬಬಾರದು ಅಂತ ನಿಯಮ ಮಾಡಿದರು. ಅದು ಸರಿಯಾಗಿದ್ದ ಯಂತ್ರಗಳಿಗೂ ತೊಂದರೆ ಕೊಟ್ಟಿತು. ಆಮೇಲೆ 5 ಕೆಬಿಗಿಂತ ಕಡಿಮೆ ಜಾಗ ಉಳಿಯೋ ಹಾಗಿದ್ರೆ ಬರೆಯಬಾರದು ಅಂತ ಬದಲಾಯಿಸಿದರು. ಕೋಡ್‌ನಲ್ಲಿ ಆ ಅಂಕಿ 5120. ಅದನ್ನ ಕೊಟ್ಟಿದ್ದು ಸ್ಯಾಮ್‌ಸಂಗೇ, ಆದ್ದರಿಂದ ಸುರಕ್ಷಿತ ಇರಬೇಕು ಅಂತ ಪಕ್ಕದ ಟಿಪ್ಪಣಿ ಹೇಳುತ್ತೆ. ‘ಇರಬೇಕು’, ಗಮನಿಸಿ. ಮಾಡೆಲ್ ಹೆಸರು ನೋಡಿ ಹಾಕೋ ಪಟ್ಟಿ ಇದಲ್ಲ. ನಿಮ್ಮ ಲ್ಯಾಪ್‌ಟಾಪ್ ಯಾವ ಕಂಪನಿಯದಾದ್ರೂ ಸರಿ, ಆ 5120 ಬೈಟ್ ನಿಮಗೂ ಅನ್ವಯ.