ಎಕ್ಸ್‌ರೇ ಪೆಟ್ಟಿಗೆಯಿಂದ ಲೇಸರ್‌ವರೆಗೆ: ಮುಖದ ಕೂದಲು ತೆಗೆಸಿದವರ ಚರಿತ್ರೆ

'ಅತ್ತೆಗೆ ಮೀಸೆ ಬಂದ್ರೆ ಮಾವ ಅಂತೀವಾ?' ಎಂದು ನಮ್ಮ ಕಡೆ ತಮಾಷೆ ಮಾಡುತ್ತೇವೆ. ಮೇಲ್ತುಟಿಯ ಮೇಲೆ, ಗದ್ದದ ಕೆಳಗೆ ನಿಜವಾಗಿಯೂ ಕೂದಲು ಬರುವ ಹೆಣ್ಣುಮಕ್ಕಳಿಗೆ ಇದು ತಮಾಷೆಯ ಮಾತಲ್ಲ. ಹೆಣ್ಣು ನೋಡಲು ಬರುತ್ತಾರೆ ಎಂದರೆ ಮೊದಲೇ ಹೋಗಿ ಥ್ರೆಡಿಂಗ್ ಮಾಡಿಸಿಕೊಳ್ಳುವವರಿದ್ದಾರೆ, ಬಚ್ಚಲ ಬಾಗಿಲು ಹಾಕಿಕೊಂಡು ಅಣ್ಣನ ರೇಜರ್ ಬಳಸುವವರೂ ಇದ್ದಾರೆ. ಈಗ ಸಣ್ಣ ಪಟ್ಟಣಗಳ ಪಾರ್ಲರ್ ಬೋರ್ಡುಗಳಲ್ಲೂ 'ಲೇಸರ್' ಎಂಬ ಪದ ಬಂದಿದೆ. ಅದನ್ನು ಕಂಡವರು ಕೇಳುವ ಮೊದಲ ಪ್ರಶ್ನೆ: 'ಇದು ಎಕ್ಸ್‌ರೇ ಇದ್ದ ಹಾಗಾ? ಕ್ಯಾನ್ಸರ್ ಬರುತ್ತಾ?'

ಲೇಸರ್ ಎಕ್ಸ್‌ರೇ ಅಲ್ಲ. ಆದರೆ ಆ ಭಯ ಸುಮ್ಮನೆ ಹುಟ್ಟಿದ್ದೂ ಅಲ್ಲ. ಹೆಂಗಸರ ಮುಖದ ಕೂದಲು ತೆಗೆಯಲು ನಿಜವಾಗಿಯೂ ಎಕ್ಸ್‌ರೇ ಹಾಯಿಸುತ್ತಿದ್ದ ಕಾಲವೊಂದಿತ್ತು.

ಅದಕ್ಕೂ ಮೊದಲು ಬಂದದ್ದು ಸೂಜಿ. ಅಮೆರಿಕದ ಸೇಂಟ್ ಲೂಯಿಸ್ ನಗರದ ಕಣ್ಣಿನ ವೈದ್ಯ ಚಾರ್ಲ್ಸ್ ಮೈಕಲ್ ಅವರ ಬಳಿ ರೆಪ್ಪೆಗೂದಲು ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೋಗಿಗಳು ಬರುತ್ತಿದ್ದರು. ಕೂದಲಿನ ಬುಡಕ್ಕೆ ಸಣ್ಣ ಸೂಜಿ ಇಳಿಸಿ ವಿದ್ಯುತ್ ಹಾಯಿಸಿದರೆ ಆ ಕೂದಲು ಮತ್ತೆ ಹುಟ್ಟುವುದಿಲ್ಲ ಎಂದು ಅವರು 1875ರಲ್ಲಿ ವರದಿ ಮಾಡಿದರು. ಎಲೆಕ್ಟ್ರಾಲಿಸಿಸ್ ಎಂದು ಇಂದಿಗೂ ನಡೆಯುತ್ತಿರುವ ಪದ್ಧತಿ ಇದೇ. ಒಂದು ಸಲಕ್ಕೆ ಒಂದೇ ಕೂದಲು. ನೋವು, ಖರ್ಚು, ತಿಂಗಳುಗಟ್ಟಲೆ ಓಡಾಟ ಎಲ್ಲವೂ ಇತ್ತು.

1895ರ ಕೊನೆಯಲ್ಲಿ ರಾಂಟ್‌ಗನ್ ಎಕ್ಸ್‌ರೇ ಕಂಡುಹಿಡಿದರು. ಮರುವರ್ಷವೇ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ತಲೆಗೆ ಗುಂಡು ಹೊಕ್ಕಿದ್ದ ಮಗುವೊಂದನ್ನು ತಂದರು. ಮಗುವಿನ ಮೇಲೆ ಪ್ರಯೋಗ ಮಾಡುವ ಮೊದಲು ನನ್ನ ತಲೆಯನ್ನೇ ನೋಡಿ ಎಂದು ಅಲ್ಲಿನ ಡೀನ್ ಡಡ್ಲಿ ಕೂತರು. 21 ದಿನಗಳ ನಂತರ ಅವರ ತಲೆಯ ಆ ಜಾಗದಲ್ಲಿ ಎರಡು ಇಂಚು ಅಗಲದ ಬೋಳು! ಅದೇ 1896ರಲ್ಲಿ ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್, ಬೆನ್ನ ಮೇಲೆ ಕೂದಲಿನ ದೊಡ್ಡ ಮಚ್ಚೆಯಿದ್ದ ಐದು ವರ್ಷದ ಹುಡುಗಿಗೆ ದಿನಕ್ಕೆ 2 ಗಂಟೆಯಂತೆ ಹಲವು ದಿನ ಎಕ್ಸ್‌ರೇ ಕೊಟ್ಟರು. ಕೂದಲು ಉದುರಿತು. ಆಮೇಲೆ ಚರ್ಮ ಹುಣ್ಣಾಯಿತು. ಉದುರಿದ್ದನ್ನು ಜಗತ್ತು ನೆನಪಿಟ್ಟುಕೊಂಡಿತು, ಹುಣ್ಣನ್ನು ಅಷ್ಟಾಗಿ ನೆನಪಿಡಲಿಲ್ಲ.

ಇದು ವ್ಯಾಪಾರವಾದದ್ದು 1920ರ ದಶಕದಲ್ಲಿ. ಅಮೆರಿಕದಲ್ಲಿ ತೋಳಿಲ್ಲದ ಉಡುಪು, ಗಿಡ್ಡ ಸ್ಕರ್ಟು ಬಂದಿದ್ದವು. ಜಿಲೆಟ್ ಕಂಪನಿ 1915ರಲ್ಲೇ ಹೆಂಗಸರಿಗೆಂದು ಬೇರೆ ರೇಜರ್ ಮಾರಲು ಶುರುಮಾಡಿತ್ತು. ಮೈಮೇಲೆ ಕೂದಲಿರುವುದೇ ನಾಚಿಕೆ ಎಂದು ಜಾಹೀರಾತುಗಳು ಕಲಿಸುತ್ತಿದ್ದವು. ಆಗ ನ್ಯೂಯಾರ್ಕಿನ ವೈದ್ಯ ಆಲ್ಬರ್ಟ್ ಗೈಸರ್ 'ಟ್ರೈಕೊ' ಎಂಬ ಯಂತ್ರ ತಂದರು. (ಇಂಗ್ಲಿಷಿನಲ್ಲಿ ಇವರ ಹೆಸರಿಗೂ ನಮ್ಮ ಬಚ್ಚಲ ಗೀಸರ್‌ಗೂ ಒಂದೇ ಸ್ಪೆಲಿಂಗ್.) ಯಂತ್ರವನ್ನು ಆಸ್ಪತ್ರೆಗಳಿಗಲ್ಲ, ಪಾರ್ಲರ್‌ಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ನಡೆಸುವವರಿಗೆ ಎರಡು ವಾರದ ತರಬೇತಿ ಅಷ್ಟೇ. ಹಲವು ನಗರಗಳಲ್ಲಿ ಅಂಗಡಿ ತೆರೆದವು.

ನೋಡಲು ಅದು ಚೆಂದದ ಮರದ ಪೆಟ್ಟಿಗೆ, ಮುಂದೆ ಒಂದು ಸಣ್ಣ ಕಿಂಡಿ. ಗಿರಾಕಿ ಕಿಂಡಿಗೆ ಗದ್ದ ಒಡ್ಡಿ ಕೂರಬೇಕು. ನಡೆಸುವವರು ಸ್ವಿಚ್ ಹಾಕುತ್ತಿದ್ದರು, ಕೆಲವು ನಿಮಿಷಕ್ಕೆ ಯಂತ್ರ ತಾನಾಗಿಯೇ ನಿಲ್ಲುತ್ತಿತ್ತು. ನೋವಿಲ್ಲ, ಉರಿಯಿಲ್ಲ, ರಕ್ತವಿಲ್ಲ. ಹೀಗೆ ಹಲವು ಸಲ ಕೂತರೆ ಕೂದಲು ಉದುರುತ್ತಿತ್ತು. ಸೂಜಿಯ ನೋವು ಕಂಡವರಿಗೆ ಇದು ದೇವರು ಕೊಟ್ಟ ವರದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಕೇಡು ಮಾತ್ರ ನಿಧಾನವಾಗಿ ಬಂತು. ಕೆಲವರಿಗೆ ವರ್ಷಗಳ ನಂತರ ಚರ್ಮ ಸುಕ್ಕುಗಟ್ಟಿತು, ಕಲೆ ಬಿತ್ತು, ಹುಣ್ಣಾಯಿತು. ಇನ್ನು ಕೆಲವರಿಗೆ ದಶಕಗಳ ನಂತರ ಅದೇ ಗದ್ದದಲ್ಲಿ, ಅದೇ ಕೆನ್ನೆಯಲ್ಲಿ ಕ್ಯಾನ್ಸರ್ ಕಾಣಿಸಿತು. ಅಮೆರಿಕದ ವೈದ್ಯರ ಸಂಘ 1929ರಲ್ಲಿ ಟ್ರೈಕೊವನ್ನು ಖಂಡಿಸಿತು, ಆಮೇಲೆ ಕಂಪನಿ ಬಹುಕಾಲ ಬಾಳಲಿಲ್ಲ. ಆದರೂ 1947ರಲ್ಲಿ ಅದೇ ಸಂಘದ ಪತ್ರಿಕೆಯಲ್ಲಿ, ಕೂದಲಿಗೆ ಎಕ್ಸ್‌ರೇ ಅಪಾಯಕಾರಿ ಎಂದು ಇಬ್ಬರು ವೈದ್ಯರು ಮತ್ತೆ ಬರೆಯಬೇಕಾಯಿತು. 1976ರಲ್ಲೂ ಟ್ರೈಕೊ ಮತ್ತು ಕ್ಯಾನ್ಸರ್ ಬಗ್ಗೆ ವೈದ್ಯಕೀಯ ಲೇಖನ ಬಂತು.

ನಡುವೆ ಇನ್ನೊಂದು ಅನಾಹುತ ನಡೆಯಿತು. 1930ರ ಆಸುಪಾಸಿನಲ್ಲಿ ಮಾರಾಟವಾದ 'ಕೊರೆಮ್ಲು' ಎಂಬ ಕ್ರೀಮಿನಲ್ಲಿದ್ದದ್ದು ಥ್ಯಾಲಿಯಂ, ಅಂದರೆ ಇಲಿ ಪಾಷಾಣಕ್ಕೆ ಬಳಸುತ್ತಿದ್ದ ವಿಷ. ಹಚ್ಚಿದವರಲ್ಲಿ ಕೆಲವರ ತಲೆಗೂದಲೂ ಹೋಯಿತು, ನರಗಳೂ ಕೆಟ್ಟವು. ಇಂಥ ಪ್ರಕರಣಗಳ ಒತ್ತಡವೂ ಸೇರಿ, 1938ರಲ್ಲಿ ಅಮೆರಿಕ ಸೌಂದರ್ಯ ಸಾಮಗ್ರಿಗಳನ್ನು ಕಾನೂನಿನಡಿ ತಂದಿತು.

ಇಷ್ಟೆಲ್ಲ ಆಗುವಾಗ ಕೂಗು ಏಕೆ ಎದ್ದಿರಲಿಲ್ಲ? ಯಂತ್ರ ಸುಟ್ಟಿತು ಎಂದು ದೂರು ಕೊಡಬೇಕಾದರೆ, ನನಗೆ ಗಡ್ಡ ಬರುತ್ತಿತ್ತು ಎಂದು ಮೊದಲು ಒಪ್ಪಿಕೊಳ್ಳಬೇಕಿತ್ತು. ಗಂಡನಿಗೂ ಹೇಳದೆ ಹೋಗಿ ಬಂದವರು ಕೋರ್ಟಿನಲ್ಲಿ ಹೇಗೆ ಹೇಳಿಯಾರು? ಇದನ್ನು 'ಅಲಂಕಾರದ ಹುಚ್ಚು' ಎಂದು ತಳ್ಳಿಹಾಕುವವರಿದ್ದಾರೆ. ನನಗದು ಅನ್ಯಾಯ ಅನ್ನಿಸುತ್ತದೆ. ಊರೆಲ್ಲ ನಗುವ ಹಾಗೆ ಮಾಡಿಟ್ಟು, ಆ ನಗುವಿಗೆ ಅಂಜಿ ಹೋದವರನ್ನೇ ದೂರುವುದು ಎಂಥ ಮಾತು?

ಇನ್ನು ಲೇಸರ್. 1960ರಲ್ಲಿ ಮೈಮನ್ ಮೊದಲ ಲೇಸರ್ ಮಾಡಿದ್ದು ಮಾಣಿಕ್ಯದ ಹರಳಿನಿಂದ. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವೈದ್ಯರು ಒಂದು ತತ್ವ ಮುಂದಿಟ್ಟರು. ಬಿಸಿಲಿಗೆ ಬಿಳಿ ಬಟ್ಟೆಗಿಂತ ಕರಿ ಬಟ್ಟೆ ಬೇಗ ಕಾಯುತ್ತದಲ್ಲ, ಹಾಗೆಯೇ ಸರಿಯಾದ ಬೆಳಕನ್ನು ಕ್ಷಣಮಾತ್ರ ಹಾಯಿಸಿದರೆ ಬಣ್ಣವಿರುವ ಭಾಗ ಮಾತ್ರ ಕಾದು ಸುತ್ತಲಿನದು ಉಳಿಯುತ್ತದೆ. ಕಪ್ಪು ಕೂದಲು ಬೆಳಕು ಹೀರುತ್ತದೆ, ಬುಡ ಸುಡುತ್ತದೆ. 1996ರಲ್ಲಿ ಆಂಡರ್ಸನ್ ಅವರ ತಂಡ ಮಾಣಿಕ್ಯ ಲೇಸರನ್ನು 13 ಜನರ ಮೇಲೆ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿತು. ಈ ಬೆಳಕಿಗೆ ಎಕ್ಸ್‌ರೇಯಂತೆ ಜೀವಕೋಶದ ಒಳಹೊಕ್ಕು ಕೆಡಿಸುವ ಶಕ್ತಿಯಿಲ್ಲ, ಅದು ಮಾಡುವುದು ಬಿಸಿ ಮಾತ್ರ.

ಆದರೆ ಆ 13 ಜನರೂ ಬಿಳಿ ಚರ್ಮದವರು. ನಮ್ಮ ಕಷ್ಟ ಇರುವುದು ಇಲ್ಲೇ. ಕೂದಲಲ್ಲಿರುವ ಕಪ್ಪು ಬಣ್ಣವೇ ನಮ್ಮ ಚರ್ಮದಲ್ಲೂ ಇದೆ. 694 ನ್ಯಾನೊಮೀಟರಿನ ಮಾಣಿಕ್ಯ ಲೇಸರ್‌ಗೆ ಕೂದಲು ಯಾವುದು, ಎಣ್ಣೆಗಪ್ಪು ಕೆನ್ನೆ ಯಾವುದು ಎಂಬ ಭೇದ ಹೆಚ್ಚು ತಿಳಿಯುವುದಿಲ್ಲ. ಸುಟ್ಟ ಗಾಯ, ಕಲೆ ಬೀಳುತ್ತದೆ. ನಂತರ 755, 810, ಕೊನೆಗೆ 1064 ನ್ಯಾನೊಮೀಟರಿನ ಯಂತ್ರಗಳು ಬಂದವು. ಅಂಕಿ ದೊಡ್ಡದಾದಷ್ಟೂ ಮೇಲಿನ ಚರ್ಮ ಹೀರುವ ಬೆಳಕು ಕಡಿಮೆ. ಕಪ್ಪು ಚರ್ಮಕ್ಕೆ 1064ರ ಎನ್‌ಡಿ-ಯಾಗ್ ಹೆಚ್ಚು ಸುರಕ್ಷಿತ ಎನ್ನುವುದು ಇದಕ್ಕೇ. ಆದ್ದರಿಂದ ದರ ಕೇಳುವ ಮೊದಲು 'ಯಾವ ಲೇಸರ್, ನಡೆಸುವವರು ಯಾರು, ಚರ್ಮದ ಡಾಕ್ಟರ್ ಇದ್ದಾರಾ, ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡ್ತೀರಾ' ಎಂದು ಕೇಳಿ. ನಾಟಿ, ಕಳೆ ಎಂದು ವಾರಗಟ್ಟಲೆ ಬಿಸಿಲಲ್ಲಿದ್ದು ಮುಖ ಕಪ್ಪಾಗಿರುವಾಗ ಹೋಗಬೇಡಿ, ಸುಡುವ ಅಪಾಯ ಆಗ ಜಾಸ್ತಿ.

ಮುಟ್ಟು ಏರುಪೇರಾಗಿ ಜೊತೆಗೆ ಗಡ್ಡದ ಕೂದಲೂ ಬರುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಪಿಸಿಒಎಸ್ ಇದ್ದರೆ ಒಂದು ಕಡೆ ಸುಟ್ಟಂತೆ ಇನ್ನೊಂದು ಕಡೆ ಹುಟ್ಟುತ್ತಿರುತ್ತದೆ. ಅಪರೂಪಕ್ಕೆ ಕೆಲವರಿಗೆ, ಅದರಲ್ಲೂ ನಮ್ಮಂಥ ಬಣ್ಣದವರಿಗೆ, ಲೇಸರ್‌ನಿಂದಲೇ ಕೂದಲು ಹೆಚ್ಚಾಗಿದ್ದೂ ಉಂಟು. ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ಯಂತ್ರಗಳಿಗೆ ಒಪ್ಪಿರುವ ಮಾತು 'ಶಾಶ್ವತವಾಗಿ ಕಡಿಮೆ ಮಾಡುತ್ತದೆ' ಎಂದೇ ಹೊರತು 'ಪೂರ್ತಿ ತೆಗೆಯುತ್ತದೆ' ಎಂದಲ್ಲ. ಬೆಳೆಯುವ ಹಂತದಲ್ಲಿರುವ ಕೂದಲಿಗಷ್ಟೇ ಲೇಸರ್ ಚೆನ್ನಾಗಿ ತಾಗುವುದರಿಂದ ನಾಲ್ಕಾರು ವಾರ ಬಿಟ್ಟು ಮತ್ತೆ ಮತ್ತೆ ಹೋಗಬೇಕು.

ಬೆಳ್ಳಗಾದ ಕೂದಲಿನ ಮೇಲಂತೂ ಲೇಸರ್ ಆಟ ನಡೆಯುವುದಿಲ್ಲ, ಹೀರಲು ಅದರಲ್ಲಿ ಬಣ್ಣವೇ ಇರುವುದಿಲ್ಲ. ಗದ್ದದಲ್ಲಿ ನಾಲ್ಕು ನರೆಗೂದಲು ಬಂದ ಅಜ್ಜಿಯರಿಗೆ ಇಂದಿಗೂ ದಾರವೇ ಗತಿ, ಇಲ್ಲವೇ 1875ರ ಆ ಸೂಜಿ.